ಗೋಬರ್ ಗ್ಯಾಸ್ ಲೈನಿಗೆ ತುಕ್ಕಿನ ಫಿಲ್ಟರು: ಬಿಚ್ಚಿದ್ದು, ಕಟ್ಟಿದ್ದು, ಕೈಕೊಟ್ಟದ್ದು

ಮಲೆನಾಡಿನ ಮನೆಯೊಂದರ 2 ಘನಮೀಟರಿನ ದೀನಬಂಧು (ನೆಲದಲ್ಲಿ ಹೂತ, ಅಲುಗದ ಗುಮ್ಮಟದ ಮಾದರಿ) ಗೋಬರ್ ಗ್ಯಾಸ್ ಗುಂಡಿ. ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು. ಗುಂಡಿಯಿಂದ ಅಡುಗೆಮನೆಗೆ 28 ಮೀಟರ್ ಅರ್ಧ ಇಂಚಿನ ಪೈಪು: ಮೊದಲ 6 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣ), ಉಳಿದದ್ದು ಎಚ್‌ಡಿಪಿಇ (ಪ್ಲಾಸ್ಟಿಕ್). ಕೊನೆಯಲ್ಲಿ ಎರಡು ಬರ್ನರಿನ ಒಲೆ. ತೊಂದರೆ ಮೂರು. ಡೋಮಿನ ಮೇಲಿನ ಹಿತ್ತಾಳೆ ವಾಲ್ವು ಕಚ್ಚಿಕೊಂಡು ತಿರುಗುತ್ತಿಲ್ಲ, ಉರಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಬೀಡಿನ ಬರ್ನರು ಪದರ ಪದರವಾಗಿ ಉದುರುತ್ತಿದೆ.

ಉರಿ ಏರಿಳಿಯುವುದು ಪೈಪಿನಲ್ಲಿ ನಿಂತ ನೀರಿನಿಂದ. ಉಳಿದೆರಡಕ್ಕೂ ಮೂಲ ಒಂದೇ: ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಹಸುವಿನ ಸಗಣಿಯ ಗ್ಯಾಸಿನಲ್ಲಿ ಇದು ಸಾಮಾನ್ಯವಾಗಿ 500ರಿಂದ 3000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಇರುತ್ತದೆ. 1000 ಪಿಪಿಎಂ ಎಂದರೆ ಒಂದು ಘನಮೀಟರ್ ಗ್ಯಾಸಿನಲ್ಲಿ ಸುಮಾರು 1.4 ಗ್ರಾಂ, ಈ ಗುಂಡಿಗೆ ಲೆಕ್ಕ ಹಾಕಿದರೆ ದಿನಕ್ಕೆ 2.8 ಗ್ರಾಂ. ನೋಡಲು ಅಲ್ಪ. ಆದರೆ ಅದು ಲೋಹವನ್ನು ಎಷ್ಟು ಬೇಗ ತಿನ್ನುತ್ತದೆ ಎನ್ನುವುದನ್ನು ಪೈಪಿನೊಳಗೆ ನಿಂತ ನೀರು ನಿರ್ಧರಿಸುತ್ತದೆ. ಈ ಅನಿಲವನ್ನು ಹಿಡಿಯಲು ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಫಿಲ್ಟರು ಕಟ್ಟಬೇಕು. ಆದರೆ ಫಿಲ್ಟರಿಗೆ ಕೈ ಹಾಕುವ ಮೊದಲು ನೀರಿನ ಕೆಲಸ ಮುಗಿಸಬೇಕು. ಇಲ್ಲದಿದ್ದರೆ ಫಿಲ್ಟರಿನ ಖರ್ಚು ದಂಡ.

ಹಂತ 1: ಗ್ಯಾಸ್ ಬಿಟ್ಟು ಲೈನು ಬಿಚ್ಚುವುದು

ಒಲೆಯ ಕಡೆಯ ರಬ್ಬರ್ ಟ್ಯೂಬನ್ನು ಅಂಗಳಕ್ಕೆ ಎಳೆದು ಗ್ಯಾಸನ್ನೆಲ್ಲ ಹೊರಗೆ ಬಿಡಬೇಕು. ಗಾಳಿಯಾಡುವ ಹೊತ್ತು ನೋಡಿಕೊಳ್ಳಿ. ಹತ್ತಿರ ಬೆಂಕಿ, ಬೀಡಿ, ಮೋಟರು ಯಾವುದೂ ಬೇಡ. ಒಳಹರಿವಿನ ತೊಟ್ಟಿಗೆ ಹಿಂದಿನ ದಿನದಿಂದಲೇ ಸಗಣಿ ಹಾಕಬಾರದು.

ವಾಸನೆಯನ್ನು ನಂಬಿ ಕೆಲಸ ಮಾಡುವುದು ಅಪಾಯ. 100 ಪಿಪಿಎಂ ದಾಟಿದರೆ ಮೂಗು ಮರಗಟ್ಟುತ್ತದೆ, ವಾಸನೆ ಹೋಯಿತು ಅನಿಸುತ್ತದೆ. 1000 ಪಿಪಿಎಂ ಉಸಿರಾಡಿದವರು ಅಲ್ಲೇ ಕುಸಿಯುತ್ತಾರೆ. ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಗುಂಡಿಯ ಒಳಗಾಗಲಿ ಬಗ್ಗಡದ ತೊಟ್ಟಿಗಾಗಲಿ ಯಾವ ಕಾರಣಕ್ಕೂ ಇಳಿಯಬೇಡಿ. ಈ ಇಡೀ ಕೆಲಸ ಹೊರಗೆ ನಿಂತೇ ಆಗುವಂಥದ್ದು.

ಬೇಕಾದ ಸಲಕರಣೆ: 14 ಇಂಚಿನ ಪೈಪ್ ರೆಂಚು ಎರಡು, ಹ್ಯಾಕ್ಸಾ, ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ, ಒಂದು ಬಕೆಟ್ ನೀರು. ಡೋಮಿನಲ್ಲಿ ಹೂತ ನಿಪ್ಪಲ್ಲನ್ನು (ಥ್ರೆಡ್ ಇರುವ ಗಿಡ್ಡ ಪೈಪು) ಒಂದು ರೆಂಚಿನಿಂದ ಬಿಗಿಯಾಗಿ ಹಿಡಿದು, ಇನ್ನೊಂದರಿಂದ ವಾಲ್ವು ತಿರುಗಿಸಬೇಕು. ಒಂದೇ ರೆಂಚು ಹಾಕಿ ಜಗ್ಗಿದರೆ ನಿಪ್ಪಲ್ಲು ಸಿಮೆಂಟಿನಲ್ಲಿ ಅಲುಗಿ ಡೋಮಿನ ಕುತ್ತಿಗೆಯಲ್ಲೇ ಸೋರಿಕೆ ಶುರುವಾಗುತ್ತದೆ. ಆಗ ರಿಪೇರಿ ಗಾರೆಯವರ ಕೈಗೆ ಹೋಗುತ್ತದೆ.

ಹಂತ 2: ಒಳಗೆ ಕಂಡದ್ದು

ಜಿಐ ಪೈಪನ್ನು ಸೀಳಿ ನೋಡಿದರೆ ಸವೆತ ಎಲ್ಲ ಕಡೆ ಒಂದೇ ಸಮ ಇಲ್ಲ. ನೇರ ಭಾಗದಲ್ಲಿ ಸತುವಿನ ಲೇಪ ಮಂಕಾಗಿದೆ, ಅಷ್ಟೆ. ಥ್ರೆಡ್ ಕೊರೆದಲ್ಲಿ ಗೋಡೆ ಮೊದಲೇ ತೆಳು, ಸತುವೂ ಕೆತ್ತಿಹೋಗಿರುತ್ತದೆ, ತುಕ್ಕು ಅಲ್ಲಿಂದ ಶುರು. ಪೈಪು ಜೋತು ನೀರು ನಿಂತ ಜಾಗದಲ್ಲಿ ತಳ ಮಾತ್ರ ಸವೆದಿದೆ, ಮೇಲರ್ಧ ಗಟ್ಟಿ. ಅದೇ ಗ್ಯಾಸು, ಅದೇ ಪೈಪು, ಅಷ್ಟೇ ಕಾಲ. ವ್ಯತ್ಯಾಸ ನೀರು ಮಾತ್ರ. ಗ್ಯಾಸಿನಲ್ಲಿ 30ರಿಂದ 40 ಶೇಕಡಾ ಇರುವ ಕಾರ್ಬನ್ ಡೈಆಕ್ಸೈಡೂ ಆ ನೀರಿಗೆ ಸೇರಿ ಅದನ್ನು ಹುಳಿ ಮಾಡುತ್ತದೆ. ಹುಳಿ ನೀರಿನ ಮುಂದೆ ಸತು ಹೆಚ್ಚು ಕಾಲ ನಿಲ್ಲುವುದಿಲ್ಲ.

ಪೈಪನ್ನು ತಟ್ಟಿದಾಗ ಮಸಿಯಂಥ ಕರಿ ಪುಡಿ ಉದುರುತ್ತದೆ. ಅದು ಕಬ್ಬಿಣದ ಸಲ್ಫೈಡ್. ಇದರ ಬಗ್ಗೆ ಎಚ್ಚರ ಬೇಕು. ಒಣಗಿದ ಪುಡಿಗೆ ಗಾಳಿ ತಗುಲಿದರೆ ತಾನೇ ಬಿಸಿಯೇರುತ್ತದೆ. ಒಂದು ಚಮಚದಷ್ಟನ್ನು ಹೆಂಚಿನ ತುಂಡಿನ ಮೇಲೆ ಹರಡಿ ನೋಡಿ: ಅಂಚಿನಿಂದ ಒಳಮುಖವಾಗಿ ಕಪ್ಪು ಕಂದಾಗುತ್ತ ಬರುತ್ತದೆ, ಕೆಲವೊಮ್ಮೆ ಕೆಂಪು ಕಿಡಿಗಳು ಸರಿದಾಡುತ್ತವೆ. ಆದ್ದರಿಂದ ಬಿಚ್ಚಿದ ಪೈಪಿಗೆ ತಕ್ಷಣ ನೀರು ಹೊಯ್ದು, ಪುಡಿಯನ್ನು ಒದ್ದೆಯಾಗಿಯೇ ಬಕೆಟ್ಟಿಗೆ ತೆಗೆಯಬೇಕು. ಹುಲ್ಲಿನ ಬಣವೆಯ ಹತ್ತಿರ ಪೈಪು ತಟ್ಟುವುದಂತೂ ಬೇಡವೇ ಬೇಡ.

ಹಿತ್ತಾಳೆ ವಾಲ್ವಿನ ಕಾಯಿಲೆ ಬೇರೆ. ಮೈಮೇಲೆ ಕಂಡದ್ದು ಹಸಿರು ಕಿಲುಬು. ಒಳಗೆ, ದಂಡದ ಸುತ್ತ, ಕರಿ ಹಕ್ಕಳೆ. ತಾಮ್ರದ ಸಲ್ಫೈಡು ಹಾಗೆ ಪದರಗಟ್ಟಿ ಉದುರಿ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ವಾಲ್ವು ಕಚ್ಚಿಕೊಳ್ಳಲು ಅದೇ ಕಾರಣ. ತಾಮ್ರಕ್ಕೆ ಈ ಅನಿಲ ತಗುಲಲು ನಿಂತ ನೀರೂ ಬೇಡ, ಗಾಳಿಯ ತೇವ ಸಾಕು.

ಬರ್ನರಿನಲ್ಲಿ ಎರಡು ಹಾನಿ ಕೂಡುತ್ತವೆ. ಉರಿಯುವ ರಂಧ್ರದ ಅಂಚು ಕಾದಿರುತ್ತದೆ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾಮೂಲು ಕಬ್ಬಿಣವನ್ನು ಗಂಧಕ ಬಿರುಸಾಗಿ ತಿನ್ನಲು ಶುರುಮಾಡುತ್ತದೆ. ಉರಿಯಲ್ಲಿ ಸುಟ್ಟ ಹೈಡ್ರೋಜನ್ ಸಲ್ಫೈಡು ಸಲ್ಫರ್ ಡೈಆಕ್ಸೈಡ್ ಆಗಿ, ಒಲೆ ಆರಿದ ಮೇಲೆ ತೇವದೊಂದಿಗೆ ಸೇರಿ ಆಮ್ಲವಾಗಿ ಕೂರುತ್ತದೆ. ಕಬ್ಬಿಣದ ಸಲ್ಫೈಡಿನ ಪದರ ತಾನು ತಿಂದ ಕಬ್ಬಿಣಕ್ಕಿಂತ ಎರಡೂವರೆ ಪಟ್ಟು ಜಾಗ ಕೇಳುತ್ತದೆ. ಅದಕ್ಕೇ ಬಿರಿದು ಏಳುತ್ತದೆ, ಎದ್ದಲ್ಲಿ ಮತ್ತೆ ಹೊಸ ಲೋಹ ಬಯಲಾಗುತ್ತದೆ. ಪದರ ಏಳದೆ ಕೂತಿದ್ದರೆ ಸವೆತ ದಿನದಿನಕ್ಕೂ ನಿಧಾನವಾಗುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲು, ಅಲ್ಯುಮಿನಿಯಂ ಈ ಲೈನಿನಲ್ಲಿ ಬಾಳುವುದು ಅವುಗಳ ತೆಳು ಪದರ ಹಾಗೆ ಬಿಗಿಯಾಗಿ ಅಂಟಿರುವುದರಿಂದ.

ಹಂತ 3: ಮೊದಲು ನೀರು

30 ಡಿಗ್ರಿಯ ಗ್ಯಾಸು ಘನಮೀಟರಿಗೆ ಸುಮಾರು 30 ಗ್ರಾಂ ನೀರಿನ ಆವಿ ಹೊತ್ತು ಬರುತ್ತದೆ. 20 ಡಿಗ್ರಿಗೆ ತಣಿದರೆ 17 ಗ್ರಾಂ ಮಾತ್ರ ಉಳಿಯುತ್ತದೆ, ಮಿಕ್ಕ 13 ಗ್ರಾಂ ಪೈಪಿನಲ್ಲೇ ಇಳಿಯುತ್ತದೆ. 2 ಘನಮೀಟರಿಗೆ ದಿನಕ್ಕೆ 25 ಮಿಲಿಲೀಟರ್. ಎರಡು ವಾರದಲ್ಲಿ 350 ಮಿಲಿ, ಅಂದರೆ ಅರ್ಧ ಇಂಚಿನ ಪೈಪು 2 ಮೀಟರ್ ಉದ್ದ ತುಂಬುವಷ್ಟು. ಉರಿ ಏರಿಳಿಯುವುದು ಈ ನೀರಿನಿಂದಲೇ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಇದು ಹೆಚ್ಚು.

ಮಾಡಿದ್ದು: ಪೈಪಿಗೆ ಮೀಟರಿಗೆ 1 ಸೆಂಟಿಮೀಟರ್ ಇಳಿಜಾರು, ಅತ್ಯಂತ ತಗ್ಗಿನಲ್ಲಿ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ), ಅದರ ಕೆಳಗೆ 1 ಇಂಚಿನ ಪಿವಿಸಿಯ 40 ಸೆಂಟಿಮೀಟರ್ ತುಂಡು, ತುದಿಗೆ ಬಾಲ್ ವಾಲ್ವು. ಎಚ್‌ಡಿಪಿಇ ಪೈಪು ಬಿಸಿಲಿಗೆ ಮೆತ್ತಗಾಗಿ ಜೋಲುತ್ತದೆ, ಆದ್ದರಿಂದ ಮೀಟರಿಗೊಂದು ಆಧಾರ ಬೇಕು. ನೀರು ಹಿಡಿಯುವ ಜಾಗ ನೆರಳಿನಲ್ಲಿರಲಿ, ಅಲ್ಲಿಂದ ಮುಂದಿನ ಪೈಪು ಬಿಸಿಲು ಗೋಡೆಯ ಮೇಲೆ ಹೋಗಲಿ. 20 ಡಿಗ್ರಿಯಲ್ಲಿ ನೀರಿಳಿಸಿದ ಗ್ಯಾಸು 27 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇಕಡಾ 66ಕ್ಕೆ ಇಳಿಯುತ್ತದೆ, ಕಬ್ಬಿಣದ ಮೇಲೆ ಹನಿಗಟ್ಟುವುದಿಲ್ಲ.

ಇಲ್ಲಿ ಕೈಕೊಡುವುದು ನೀರಿನ ಸೀಲು. ಬಕೆಟ್ಟಿನಲ್ಲಿ 30 ಸೆಂಟಿಮೀಟರ್ ಪೈಪು ಮುಳುಗಿಸಿ ತಾನಾಗಿ ನೀರು ಹೋಗುವಂತೆ ಮಾಡುವುದು ತೇಲುವ ಡ್ರಮ್ಮಿನ ಮಾದರಿಗೆ ಸರಿ; ಅದರ ಒತ್ತಡ ಸುಮಾರು 10 ಸೆಂಟಿಮೀಟರ್ ನೀರಿನಷ್ಟೇ. ದೀನಬಂಧುವಿನಲ್ಲಿ ಬೆಳಗಿನ ಹೊತ್ತು ಒತ್ತಡ 60 ಸೆಂಟಿಮೀಟರ್ ದಾಟುವುದುಂಟು, ತುಂಬಿದಾಗ ಮೀಟರಿನ ಹತ್ತಿರಕ್ಕೂ ಹೋಗುತ್ತದೆ. ಸೀಲು ಹಾರಿಹೋಗಿ ರಾತ್ರಿಯೆಲ್ಲ ಗ್ಯಾಸು ಸೋರುತ್ತದೆ. ಇಂಥ ಗುಂಡಿಗೆ ಕೈಯಿಂದ ತೆರೆಯುವ ವಾಲ್ವೇ ಸರಿ, ವಾರಕ್ಕೊಮ್ಮೆ.

ಹಂತ 4: ಲೋಹ ಬದಲಿಸಿದ ಕಡೆ

ಪೈಪಿಡೀ ಸ್ಟೀಲಿನದು ಹಾಕುವುದು ಅನಗತ್ಯ. ಪಿವಿಸಿ, ಎಚ್‌ಡಿಪಿಇಗೆ ಈ ಅನಿಲ ಏನೂ ಮಾಡುವುದಿಲ್ಲ. 6 ಮೀಟರ್ ಜಿಐ ತೆಗೆದು ಎಚ್‌ಡಿಪಿಇಯನ್ನೇ ಒಂದು ಅಡಿ ಆಳದಲ್ಲಿ ಹೂತದ್ದಾಯಿತು. ಡೋಮಿನ ತುದಿಯಲ್ಲಿ ಮಾತ್ರ ಗಟ್ಟಿ ವಾಲ್ವು ಬೇಕು: ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಬಾಲ್ ವಾಲ್ವು. ಅಂಗಡಿಯಲ್ಲಿ ಹೊಳೆಯುವ ಕ್ರೋಮ್ ಲೇಪದ ಹಿತ್ತಾಳೆ ವಾಲ್ವನ್ನೂ ಸ್ಟೀಲೆಂದು ಕೊಡುತ್ತಾರೆ. ಥ್ರೆಡ್ಡಿನ ಒಳಗೆ ಉಗುರಿನಷ್ಟು ಗೀರಿ ನೋಡಿ, ಹಳದಿ ಕಂಡರೆ ಬೇಡ.

ಹೂತ ನಿಪ್ಪಲ್ಲು ಜಿಐ, ವಾಲ್ವು ಸ್ಟೇನ್‌ಲೆಸ್. ಎರಡನ್ನೂ ನೇರ ಜೋಡಿಸಿ ನಡುವೆ ನೀರು ನಿಂತರೆ ಜಿಐ ಬೇಗ ಸವೆಯುತ್ತದೆ. ನಡುವೆ ಪ್ಲಾಸ್ಟಿಕ್ ಕಪ್ಲಿಂಗ್ ಹಾಕಿ, ಟೆಫ್ಲಾನ್ ಟೇಪು ಎಂಟು ಸುತ್ತು.

ಹಂತ 5: ತುಕ್ಕು ಬೆಳೆಸುವುದು

ಪೈಪಿನಲ್ಲಿ ಬೇಡವಾದ ಅದೇ ರಾಸಾಯನಿಕ ಕ್ರಿಯೆಯನ್ನು ಫಿಲ್ಟರಿನೊಳಗೆ ಬೇಕೆಂದೇ ನಡೆಸುತ್ತೇವೆ. ಪೈಪಿನಲ್ಲಿ ತೇವ ತಪ್ಪಿಸಿದೆವು. ಇಲ್ಲಿ ತೇವ ಉಳಿಸಬೇಕು. ಅಲ್ಲಿ ಗ್ಯಾಸು ತಗುಲುವ ಲೋಹದ ಮೈ ಕಡಿಮೆ ಇದ್ದಷ್ಟೂ ಒಳ್ಳೆಯದು. ಇಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು. ಗ್ಯಾಸು ನಿಧಾನ ಹಾಯಬೇಕು, ಹೈಡ್ರೋಜನ್ ಸಲ್ಫೈಡಿಗೆ ತುಕ್ಕು ಮುಟ್ಟಲು ಸಮಯ ಸಿಗಬೇಕು.

ಬೇಕಾದದ್ದು ಲೇತ್ ಅಂಗಡಿಯ ಕಬ್ಬಿಣದ ಸುರುಳಿ ಚೂರು, ಒಟ್ಟು 6 ಕೆಜಿ. ತೊಳೆದು ಆರಿಸಿದ ಮೇಲೆ 5 ಕೆಜಿಯಾದರೂ ಉಳಿಯಬೇಕು. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ಆರಿಸಿ: ಅಂಟದವು ಹಿತ್ತಾಳೆ, ಅಲ್ಯುಮಿನಿಯಂ ಅಥವಾ ಸ್ಟೇನ್‌ಲೆಸ್. ಬೀಡು ಕೊರೆದ ಪುಡಿಯೂ ಬೇಡ, ನುಣ್ಣಗಿದ್ದು ಗ್ಯಾಸಿಗೆ ದಾರಿ ಕಟ್ಟುತ್ತದೆ. ಪಾತ್ರೆ ಉಜ್ಜುವ ಸ್ಟೀಲು ನಾರು ತುಕ್ಕೇ ಹಿಡಿಯುವುದಿಲ್ಲ, ನಿರುಪಯೋಗಿ.

ಎಣ್ಣೆ ತೆಗೆಯುವುದನ್ನು ಬಿಡುವಂತಿಲ್ಲ. ಲೇತಿನ ಕೂಲೆಂಟು ಅಂಟಿದ ಚೂರು ಚುಕ್ಕೆ ಚುಕ್ಕೆಯಾಗಿ ಮಾತ್ರ ತುಕ್ಕು ಹಿಡಿಯುತ್ತದೆ. 10 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಹಾಕಿ 20 ನಿಮಿಷ ಕುದಿಸಿ, ಎರಡು ನೀರಿನಲ್ಲಿ ತೊಳೆಯಬೇಕು. ನೀರು ಮೈಮೇಲೆ ಮುತ್ತುಗಟ್ಟದೆ ಹರಡಿ ನಿಂತರೆ ಎಣ್ಣೆ ಹೋಗಿದೆ. ಒಣಗಿಸಿ ತೂಕ ಬರೆದಿಡಿ.

ಆಮೇಲೆ ಅಡಕೆ ಒಣಗಿಸುವ ಹಾಗೆ ಅಂಗಳದಲ್ಲಿ ತೆಳುವಾಗಿ ಹರಡಿ, ದಿನಕ್ಕೆ ಮೂರು ನಾಲ್ಕು ಸಲ ನೀರು ಚಿಮುಕಿಸಿ, ಪ್ರತಿ ಸಲವೂ ಒಣಗಲು ಬಿಡಬೇಕು. ಒದ್ದೆ, ಒಣ, ಒದ್ದೆ, ಒಣ. ಹತ್ತು ದಿನದ ಸುಮಾರಿಗೆ ಮೈತುಂಬ ಮೆದು ಕಂದು ತುಕ್ಕು ಬರುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಕೆಲಸ ಆಗುವುದಿಲ್ಲ: ಗಾಳಿ ಸಾಲದೆ ಕರಿ ಪದರ ಕಟ್ಟಿಕೊಳ್ಳುತ್ತದೆ. ಉಪ್ಪುನೀರು ಹಾಕಿದರೆ ಬೇಗ ಆಗುತ್ತದೆ ನಿಜ, ಆದರೆ ಉಪ್ಪು ಉಳಿದರೆ ತುಕ್ಕು ಚಕ್ಕೆಯಾಗಿ ಉದುರಿ ತಳದಲ್ಲಿ ಕಟ್ಟುತ್ತದೆ.

ಎಷ್ಟು ತುಕ್ಕು ಬಂತು ಎಂದು ತಿಳಿಯಲು ಒಣಗಿಸಿ ಮತ್ತೆ ತೂಗಿ. ಹೆಚ್ಚಾದ ತೂಕವನ್ನು 2.7ರಿಂದ ಗುಣಿಸಿದರೆ ತುಕ್ಕಿನ ತೂಕ. 2.5 ಕೆಜಿ ಚೂರು 110 ಗ್ರಾಂ ಏರಿದರೆ ತುಕ್ಕು ಸುಮಾರು 300 ಗ್ರಾಂ. ಇದು ಲೆಕ್ಕದ ಪ್ರಕಾರ 170 ಗ್ರಾಂ ಹೈಡ್ರೋಜನ್ ಸಲ್ಫೈಡ್ ಹೀರಬಲ್ಲದು. ಮನೆಯ ಫಿಲ್ಟರಿನಲ್ಲಿ ಅದರ ಮೂರನೇ ಒಂದು ಪಾಲು ಎಂದು ಹಿಡಿಯುವುದು ಸುರಕ್ಷಿತ. 57 ಗ್ರಾಂ, ದಿನಕ್ಕೆ 2.8ರಂತೆ ಮೂರು ವಾರ. ಗ್ಯಾಸಿನಲ್ಲಿ 2000 ಪಿಪಿಎಂ ಇದ್ದರೆ ಹತ್ತೇ ದಿನ.

ರೆಡ್ ಆಕ್ಸೈಡ್ ಪುಡಿಯೂ ಕಬ್ಬಿಣದ ಆಕ್ಸೈಡೇ ತಾನೇ, ನೆಲಕ್ಕೆ ಹಾಕಿ ಉಳಿದದ್ದನ್ನೇ ತುಂಬಬಹುದಲ್ಲ ಎನ್ನುವವರಿದ್ದಾರೆ. ಅದು ಬಣ್ಣಕ್ಕೆಂದು ಮಾಡಿದ, ನೀರಿನಂಶವಿಲ್ಲದ ಬಿಗಿ ಹರಳು. ಸಲ್ಫೈಡಿನೊಂದಿಗೆ ಮಂದವಾಗಿ ಸೇರುತ್ತದೆ, ತೇವ ತಗುಲಿದರೆ ಕೆಸರಾಗಿ ದಾರಿ ಮುಚ್ಚುತ್ತದೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಕೆಲಸಕ್ಕೆ ಬರುವ ತುಕ್ಕು ಇದೆ, ಆದರೆ ಅದೂ ಕರಗಿ ಕೂರುತ್ತದೆ.

ಹಂತ 6: ಎರಡು ಕೊಳವೆ

110 ಎಂಎಂ ಪಿವಿಸಿ ಪೈಪು, 90 ಸೆಂಟಿಮೀಟರಿನ ಎರಡು ತುಂಡು. ಕೆಳಗೆ ಅಂಟಿಸಿದ ಮುಚ್ಚಳ, ಮೇಲೆ ತಿರುಪಿನ ಮುಚ್ಚಳ. ತಳದಲ್ಲಿ 8 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ ನೈಲಾನ್ ಸೊಳ್ಳೆಬಲೆ ಎರಡು ಪದರ, ಆಮೇಲೆ 75 ಸೆಂಟಿಮೀಟರ್ ತುಕ್ಕು ಚೂರು.

ಬರಿ ಚೂರು ತುಂಬಿದರೆ ಸಲ್ಫೈಡು ಊದಿಕೊಂಡು ಒಂದಕ್ಕೊಂದು ಕಚ್ಚಿ ಗಟ್ಟಿ ಕಂಬವಾಗುತ್ತದೆ, ಕೊನೆಗೆ ಕಬ್ಬಿಣದ ಸಲಾಕೆ ಹಾಕಿ ಕೆತ್ತಬೇಕು. ಅಳತೆಯಲ್ಲಿ ಅರ್ಧದಷ್ಟು ಮರದ ಹೊಟ್ಟು ಬೆರೆಸಿ, ಬಡಗಿ ಕೀಸುಳಿ ಹಿಡಿದಾಗ ಬರುವ ಸುರುಳಿ ಹೊಟ್ಟು. ಗರಗಸದ ಪುಡಿ ಬೇಡ. ಹೊಟ್ಟು ತೇವವನ್ನೂ ಹಿಡಿದಿಡುತ್ತದೆ. ತುಂಬುವಾಗ ಒಂದು ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಕಲಸಿ ಚಿಮುಕಿಸಿ. ಹುಳಿಯಾದರೆ ತುಕ್ಕು ಸಲ್ಫೈಡನ್ನು ಸರಿಯಾಗಿ ಹಿಡಿಯುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ಹನಿ ಬೀಳಬಾರದು.

ಗ್ಯಾಸು ಮೇಲಿನಿಂದ ಕೆಳಕ್ಕೆ ಹರಿಯಲಿ. ಇಳಿದ ನೀರು ಅದರ ಜೊತೆಗೇ ತಳಕ್ಕೆ ಬಂದು ಡ್ರೈನ್ ವಾಲ್ವಿನಿಂದ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಕೊಟ್ಟರೆ ನೀರು ನಡುವೆ ಸಿಕ್ಕು ಗ್ಯಾಸು ಒಂದೇ ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ, ಉಳಿದ ತುಕ್ಕು ಮುಟ್ಟದೆ ಉಳಿಯುತ್ತದೆ.

ಒಂದು ಬರ್ನರು ಗಂಟೆಗೆ ಸುಮಾರು 0.45 ಘನಮೀಟರ್ ಎಳೆಯುತ್ತದೆ. ಎರಡೂ ಉರಿದರೆ ಒಂದು ಕೊಳವೆಯಲ್ಲಿ ಗ್ಯಾಸಿಗೆ ಸಿಗುವ ಸಮಯ 25 ಸೆಕೆಂಡು, ಸಾಲದು. ಎರಡನ್ನು ಸಾಲಾಗಿ ಜೋಡಿಸಿದರೆ 50 ಸೆಕೆಂಡು, ಒಂದೇ ಬರ್ನರಿಗೆ 100. ಮೊದಲನೆಯದು ದಣಿದಾಗ ಅದನ್ನು ತೆಗೆದು, ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಹಾಕುವ ಅನುಕೂಲವೂ ಇದೆ. ಪ್ರತಿ ಕೊಳವೆಗೂ ಎರಡೂ ಕಡೆ ವಾಲ್ವು ಇರಲಿ.

ಒಟ್ಟು ಸಾಲು ಹೀಗೆ: ಡೋಮು, ನೀರಿನ ಟೀ, ಕೊಳವೆ ಒಂದು, ಕೊಳವೆ ಎರಡು, ಇನ್ನೊಂದು ನೀರಿನ ಟೀ, ಒಲೆ. ಎರಡನೆಯ ಟೀ ಬಿಡಬೇಡಿ, ತುಕ್ಕಿನ ಕ್ರಿಯೆಯಲ್ಲೇ ಹೊಸ ನೀರು ಹುಟ್ಟುತ್ತದೆ.

ಹಂತ 7: ಗ್ಯಾಸು ಕೊಟ್ಟು ಪರೀಕ್ಷೆ

ಕೊಳವೆಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿ ಬೆರೆತ ಗ್ಯಾಸು ಸಿಡಿಯುತ್ತದೆ. ಒಲೆಯ ಟ್ಯೂಬನ್ನು ಹೊರಗೆ ಬಿಟ್ಟು ಹತ್ತು ನಿಮಿಷ ಹರಿಯಲು ಬಿಡಿ, ಆಮೇಲೆ ಒಲೆಗೆ. ಜೋಡಣೆಗಳಿಗೆಲ್ಲ ಸೋಪಿನ ನೊರೆ.

ಒತ್ತಡ ಅಳೆಯಲು 8 ಎಂಎಂ ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಬಣ್ಣದ ನೀರು ಹಾಕಿದರೆ ಸಾಕು. ಒಲೆ ಉರಿಯುವಾಗ ಕೊಳವೆಗಳ ಮುಂಚೆ ಮತ್ತು ಆಮೇಲೆ ನೋಡಿ. ವ್ಯತ್ಯಾಸ 2 ಸೆಂಟಿಮೀಟರ್ ಒಳಗಿದ್ದರೆ ಸರಿ, 5 ದಾಟಿದರೆ ಎಲ್ಲೋ ಕಟ್ಟಿದೆ. ತೇಲುವ ಡ್ರಮ್ಮಿನ ಗುಂಡಿಗೆ ಅಷ್ಟು ಒತ್ತಡ ಬಿಟ್ಟುಕೊಡಲಾಗದು, ಅಲ್ಲಿ 160 ಎಂಎಂನ ಒಂದೇ ಅಗಲ ಕೊಳವೆ ಹಾಕಿ.

ಫಿಲ್ಟರು ಹಿಡಿಯುತ್ತಿದೆಯೇ ಎಂದು ತಿಳಿಯಲು ಮನೆ ವೈರಿಂಗಿನ 1.5 ಚದರ ಎಂಎಂ ತಾಮ್ರದ ತಂತಿ ಸಾಕು. ಮೂರು ಇಂಚು ತುಂಡಿನ ಸಿಪ್ಪೆ ತೆಗೆದು, 400 ನಂಬರಿನ ಉಪ್ಪುಕಾಗದದಲ್ಲಿ ಹೊಳೆಯುವಂತೆ ಉಜ್ಜಿ, ಒಂದು ತುಂಡನ್ನು ಮೊದಲ ಟೀಯೊಳಗೆ, ಒಂದನ್ನು ಕೊಳವೆಗಳ ನಡುವೆ, ಒಂದನ್ನು ಕೊನೆಯ ಟೀಯೊಳಗೆ ಇಳಿಬಿಡಿ. ಫಿಲ್ಟರಿಗೆ ಮುಂಚಿನ ತಂತಿ ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ನೇರಳೆ, ನೀಲಿ, ಕೊನೆಗೆ ಮಂಕು ಕಪ್ಪು. ಪದರ ದಪ್ಪವಾಗುತ್ತ ಹೋದಂತೆ ಬಣ್ಣ ಬದಲಾಗುತ್ತದೆ, ಹಾಗಾಗಿ ಬಣ್ಣವೇ ಅಳತೆ. ಕೊನೆಯ ತಂತಿ ದಿನಗಟ್ಟಲೆ ತಾಮ್ರದ ಬಣ್ಣದಲ್ಲೇ ಇರಬೇಕು. ನಡುವಿನ ತಂತಿ ನೇರಳೆಗೆ ಬಂದ ದಿನ ಮೊದಲ ಕೊಳವೆ ಬಿಚ್ಚುವ ದಿನ. ಕ್ಯಾಲೆಂಡರಿಗಿಂತ ಈ ತಂತಿಯನ್ನು ನಂಬುವುದು ಮೇಲು. ದನಗಳ ಮೇವು ಬದಲಾದರೆ ಸಲ್ಫೈಡಿನ ಪ್ರಮಾಣವೂ ಬದಲಾಗುತ್ತದೆ.

ಹಂತ 8: ತುಕ್ಕನ್ನು ಮತ್ತೆ ಎಬ್ಬಿಸುವುದು

ದಣಿದ ಕೊಳವೆಯಲ್ಲಿ ಚೂರೆಲ್ಲ ಇದ್ದಿಲಿನಂತೆ ಕಪ್ಪಾಗಿರುತ್ತದೆ. ಮುಚ್ಚಳ ತೆಗೆದ ತಕ್ಷಣ ಒಂದು ಲೀಟರ್ ನೀರು ಹೊಯ್ಯಿರಿ. ಸಿಮೆಂಟ್ ನೆಲದ ಮೇಲೆ, ನೆರಳಿನಲ್ಲಿ, 5 ಸೆಂಟಿಮೀಟರ್ ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ, ಆಗಾಗ ನೀರು ಚಿಮುಕಿಸಿ ಮಗುಚಿ. ಗಾಳಿಯ ಆಮ್ಲಜನಕ ಸಲ್ಫೈಡನ್ನು ಮತ್ತೆ ತುಕ್ಕು ಮಾಡುತ್ತದೆ, ಗಂಧಕ ಹಳದಿ ಧೂಳಾಗಿ ಅಲ್ಲೇ ಉಳಿಯುತ್ತದೆ. ಕೈ ಹತ್ತಿರ ತಂದರೆ ಶಾಖ ತಿಳಿಯುತ್ತದೆ, ಬೆಳಗಿನ ಹೊತ್ತಿಗೆ ಹಬೆ ಕಾಣುತ್ತದೆ. ಒಂದೆರಡು ದಿನದಲ್ಲಿ ಕಂದು ಬಣ್ಣ ಮರಳುತ್ತದೆ.

ರಾಶಿ ಹಾಕಿ ಬಿಟ್ಟರೆ ಒಳಗಿನ ಶಾಖ ಹೊರಬರದೆ ಹೊಟ್ಟಿಗೆ ಬೆಂಕಿ ಹತ್ತುತ್ತದೆ, ಗಂಧಕವೂ ಸುಟ್ಟು ಉಸಿರುಗಟ್ಟಿಸುವ ಹೊಗೆ ಬರುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಅಪಾಯ ಇಲ್ಲೇ ಇದೆ. ಕೊಟ್ಟಿಗೆ, ಬಣವೆ, ದರಗಿನ ರಾಶಿಯಿಂದ ದೂರ ಮಾಡಿ, ಬಕೆಟ್ ನೀರು ಪಕ್ಕದಲ್ಲಿರಲಿ. ಕೊಳವೆಯೊಳಗೇ ಗಾಳಿ ಊದಿ ಎಬ್ಬಿಸುವ ಪ್ರಯೋಗ ಮನೆಯಲ್ಲಿ ಬೇಡ: ಪಿವಿಸಿ ಆ ಶಾಖಕ್ಕೆ ಮೆತ್ತಗಾಗುತ್ತದೆ.

ಪ್ರತಿ ಸಲ ಎಬ್ಬಿಸಿದಾಗಲೂ ಉಳಿದ ಗಂಧಕ ತುಕ್ಕಿನ ಮೇಲೆ ಕೂತು ಸಾಮರ್ಥ್ಯ ಕುಗ್ಗುತ್ತದೆ. ಎರಡು ಸಲ ಎಬ್ಬಿಸಿ ಮೂರನೆಯದಕ್ಕೆ ಹೊಸ ಚೂರು ತುಂಬುವುದು ಒಳ್ಳೆಯದು. ಹಳೆಯದನ್ನು ಪೂರ್ತಿ ಕಂದಾಗುವವರೆಗೆ ಒದ್ದೆಯಾಗಿಟ್ಟು, ಆಮೇಲೆ ಗೊಬ್ಬರದ ಗುಂಡಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬಹುದು.

ಖರ್ಚು

110 ಎಂಎಂ ಪೈಪು 2 ಮೀಟರ್ 450 ರೂ. ಮುಚ್ಚಳಗಳು 400. ಪಿವಿಸಿ ಬಾಲ್ ವಾಲ್ವು ಆರು, 540. ಸ್ಟೇನ್‌ಲೆಸ್ ವಾಲ್ವು ಮತ್ತು ಕಪ್ಲಿಂಗ್ 650. ಟ್ಯಾಂಕ್ ನಿಪ್ಪಲ್ ನಾಲ್ಕು, 240. ಟ್ಯೂಬು, ಅಂಟು, ಟೇಪು 250. ಲೇತ್ ಚೂರು 6 ಕೆಜಿ 240. ಒಟ್ಟು 2,770 ರೂ. ಹೂತ ಎಚ್‌ಡಿಪಿಇ ಪೈಪು, ಡ್ರೈನ್ ತುಂಡುಗಳು, ಹೊಸ ಬರ್ನರು ಇದರಲ್ಲಿಲ್ಲ. ಪಿವಿಸಿ ವಾಲ್ವು ಬಿಸಿಲಿಗೆ ಬಿರಿಯುತ್ತದೆ, ಎಲ್ಲವನ್ನೂ ಮಾಡಿನ ಕೆಳಗೆ ಇಡಬೇಕು.

ಒಲೆಗೆ ಮಾತ್ರವಾದರೆ ಇಷ್ಟು ಸಾಕು. ಎಂಜಿನ್ ಓಡಿಸುವವರಿಗೆ ಸಾಲದು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ಅಸ್ತ್ರ ತಂಡ 1987ರಿಂದ ಸಗಣಿ ಗ್ಯಾಸಿನಲ್ಲಿ ಡೀಸೆಲ್ ಎಂಜಿನ್ ನಡೆಸಿ ಊರಿಗೆ ನೀರು, ಬೆಳಕು ಕೊಟ್ಟಿತು. ಈ ದಾರಿ ಹಿಡಿಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ಎಂಜಿನ್ನಿನೊಳಗೆ ಕನೆಕ್ಟಿಂಗ್ ರಾಡಿನ ಕಂಚಿನ ಬುಷ್ ಇರುತ್ತದೆ, ಅದರಲ್ಲಿ ತಾಮ್ರವೇ ಹೆಚ್ಚು. ಸಲ್ಫೈಡಿಗೆ ಮೊದಲು ಬಲಿಯಾಗುವುದು ಅದು, ಜೊತೆಗೆ ಆಯಿಲೂ ಬೇಗ ಹುಳಿಯಾಗುತ್ತದೆ. ಅಲ್ಲಿಗೆ ಕೊಳವೆ 160 ಎಂಎಂ, ಸಂಖ್ಯೆ ಮೂರು, ಆಯಿಲ್ ಬದಲಿಸುವ ಅವಧಿ ಅರ್ಧಕ್ಕೆ. ಎಂಜಿನ್ ನಿಲ್ಲಿಸುವ ಮುಂಚಿನ ಐದು ನಿಮಿಷ ಬರೀ ಡೀಸೆಲ್‌ನಲ್ಲಿ ಓಡಿಸಿದರೆ ಸಿಲಿಂಡರಿನಲ್ಲಿ ಉಳಿದ ಗಂಧಕದ ಹೊಗೆ ಹೊರಗೆ ಹೋಗುತ್ತದೆ, ತಣ್ಣಗಾದಾಗ ಅದು ಆಮ್ಲವಾಗಿ ಕೂರುವುದು ತಪ್ಪುತ್ತದೆ.